ಹಸಿರು ಬೀಗ

"ಮಂಗಳವಾರ ನಾ ಅಕ್ಕನ ಸೀಮಂತಕ್ಕ ಹೋಗಿದ್ದೆ. ಅವತ್ತ ನನ್ನ ಹೆಸರ್ಲೆ ಕಂಪ್ಯೂಟರ್ ಚಾಲೂ ಮಾಡಿ, ಬಸಕ್ಕನ ಹೊಲಾ ನಿಮ್ಮ ಅಳಿಯಾನ ಹೆಸರಿಗೆ ಹಚ್ಚಿದವ್ರು ಯಾರ್ರಿ ಕಾಕಾ?" ಸುವರ್ಣಾ ಮೇಜು ಗುದ್ದಿ ಕೇಳಿದಳು.

"ಸಾವಕಾಶ ಮಾತಾಡವಾ. ದಿನಾ ಚಾಲೂ ಮಾಡಾವ ನಾನ. ಹೊಸಾದೇನೈತಿ?" ಎಂದ ಪಹಣಿ ಕಚೇರಿಯ ಹಿರಿಯ ಗುಮಾಸ್ತ ಪಾಂಡುರಂಗ.

ಅದು ಸುಳ್ಳಲ್ಲ. ಅವಳ ಬಸ್ಸು ಬರುವ ಮೊದಲೇ ಅವನು ಅವಳ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಒತ್ತಿ, ಪರದೆಯ ಮೂಲೆಯ ಬೀಗ ಹಸಿರಾಗುವ ತನಕ ಕಾಯುತ್ತಿದ್ದ. ಅದು ಹಸಿರಾದರೇ ಪಹಣಿಯ ದಾಖಲೆ ತೆರೆಯುವುದು. ಸರದಿಯ ಜನ ಕಾಯಬಾರದೆಂದು ಅವನೇ ಹಚ್ಚಿದ ರೂಢಿ. ಮೂರು ವರ್ಷ ಅವಳು ಅದನ್ನು ಮಮತೆಯೆಂದೇ ತಿಳಿದು, ಅವನಿಗೂ ಎರಡು ರೊಟ್ಟಿ ಕಟ್ಟಿಕೊಂಡು ಬರುತ್ತಿದ್ದಳು.

ಬಾಗಿಲ ಬಳಿಯ ಬೆಂಚಿನಲ್ಲಿ ಬಸಕ್ಕ ಹೊಸ ಪಹಣಿ ಹಿಡಿದು ಕೂತಿದ್ದಳು. "ನನ್ನ ಹೆಸರ ತಗದಾಕಿ ನೀನ ಅಂತಾರವಾ," ಎಂದಳು.

ಮಂಗಳವಾರ ಏನೇನು ಬದಲಾಗಿದೆ ನೋಡೋಣವೆಂದು ಸುವರ್ಣಾ ತಾನೇ ಕೀಲಿಮಣೆಗೆ ಕೈ ಹಾಕಿದಳು. ಪಾಸ್‌ವರ್ಡ್ ತಪ್ಪಿತು. ಮತ್ತೊಮ್ಮೆ ಒತ್ತಿದಳು, ಮತ್ತೆ ತಪ್ಪಿತು. ಮೂರು ವರ್ಷ ತಾನು ಒತ್ತದೆ ಅವಳಿಗದು ಮರೆತೇ ಹೋಗಿತ್ತು. ಬೀಗ ಕೆಂಪಗೇ ಇತ್ತು.

ಪಾಂಡುರಂಗ ಚಹಾದ ಬಸಿಯಿಂದ ತಲೆ ಎತ್ತಲಿಲ್ಲ. "ನಿಮ್ಮವ್ವನ ಹೆಸರವಾ. ಮುಂದ ಅಕಿ ತೀರಿಕೊಂಡ ವರ್ಷ."

ಸುವರ್ಣಾಳ ಕೈ ಕೀಲಿಮಣೆ ಬಿಟ್ಟಿತು.

"ಏಳ ಬಸಕ್ಕ, ಕುಂದಗೋಳಕ್ಕ ಹೋಗೂಣು. ತಹಶೀಲ್ದಾರ ಸಾಹೇಬ್ರ ಮುಂದ ಎಲ್ಲಾ ಬರದ ಕೊಡ್ತೀನಿ."

"ಪಾಸ್‌ವರ್ಡ್ ಕೊಟ್ಟಾಕಿ ನೀನ. ನಿನ್ನ ನೌಕರಿನೂ ಹೋಗತೈತಿ."

ಅವಳು ಕೊರಳಿನ ಗುರುತಿನ ಚೀಟಿ ತೆಗೆದು ಕುರ್ಚಿಗೆ ತೂಗುಹಾಕಿದಳು. ಅವನ ಮೇಜಿನ ಮೇಲಿಟ್ಟಿದ್ದ ರೊಟ್ಟಿಯ ಗಂಟು ಎತ್ತಿಕೊಂಡು, ಬಸಕ್ಕನ ಹಿಂದೆ ಹೊರಗೆ ನಡೆದಳು. ಆ ಕುರ್ಚಿಗೆ ಅವಳು ಮತ್ತೆ ಬರಲಿಲ್ಲ.