ಬೆನ್ನಿಗಂಟದ ಮಣ್ಣು

ಇಬ್ಬರೂ ಹೆವಿವೇಟ್ ಜಟ್ಟಿಗಳು. ಗರಡಿಯ ಮಣ್ಣು ಬಿಟ್ಟು, ಗುದ್ದು ಒದೆ ಎಲ್ಲ ನಡೆಯುವ ಎಂ.ಎಂ.ಎ. ಪಂಜರಕ್ಕೆ ಬಂದವರು. ಕೊನೆಯ ಸುತ್ತಿನ ಹೊತ್ತಿಗೆ ಇಬ್ಬರಿಗೂ ನಿಲ್ಲುವುದೇ ಕಷ್ಟವಾಗಿತ್ತು. ಈ ಸಲವೂ ಸೋತರೆ ತಂಡದಲ್ಲಿ ಜಾಗವಿಲ್ಲವೆಂದು ಬರಮಪ್ಪನಿಗೆ ಮೊದಲೇ ಹೇಳಿಯಾಗಿತ್ತು.

"ಅಂಕದಾಗ ಅವನೇ ಮುಂದದಾನ. ಇನ್ನ ಯಾರ ಹತ್ರ ದಮ್ಮು ಉಳದೈತಿ, ಅವರು ಗೆಲ್ತಾರ," ಅಂದರು ಅವನ ಕುಸ್ತಿ ಗುರು ವಸ್ತಾದರು, ಅವನ ತಲೆಗೆ ನೀರು ಸುರಿಯುತ್ತ.

"ನನ್ನ ಹತ್ರ ಅಂತೂ ಇಲ್ರಿ, ವಸ್ತಾದ್ರ."

"ಅವನ ಹತ್ರಾನೂ ಇಲ್ಲ. ಹೋಗು."

ಬರಮಪ್ಪ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಎದುರಾಳಿಯನ್ನು ಎತ್ತಿ ಅಂಗಾತ ಕೆಡವಿದ. ಎರಡೂ ಭುಜ ನೆಲಕ್ಕೆ ತಾಗಿದ್ದೇ ತಡ, ಅವನನ್ನು ಬಿಟ್ಟೆದ್ದು ತೊಡೆ ತಟ್ಟಿ, ಕೈ ಮೇಲೆತ್ತಿ ಪಂಜರ ಸುತ್ತತೊಡಗಿದ.

"ಏ ಹುಚ್ಚಪ್ಪ, ಇದು ಗರಡಿ ಅಲ್ಲೋ," ಎಂದು ವಸ್ತಾದರು ಹಣೆ ಬಡಿದುಕೊಂಡರು. "ಚಿತ್ ಮಾಡಿದ್ರ ಇಲ್ಲಿ ಆಟ ಮುಗಿಯೂದಿಲ್ಲ. ಹಿಂದ ನೋಡು, ಅವ ಎದ್ದ."

ಬರಮಪ್ಪ ತಿರುಗಿ ನೋಡಿದರೆ ಎದುರಾಳಿ ಬೆನ್ನ ಮೇಲಿಲ್ಲದ ಮಣ್ಣನ್ನು ಕೊಡವಿಕೊಂಡು, ರೆಫರಿಗೆ ಕೈಮುಗಿದು, ತಲೆ ತಗ್ಗಿಸಿ ಪಂಜರದ ಬಾಗಿಲು ದಾಟಿ ಹೋಗುತ್ತಿದ್ದ.