ಕೌಂಟರಿನ ಕರುಣೆ

ಕುರ್ಚಿ ಕೊಟ್ಟಾಗಲೇ ಅವಳಿಗೆ ಅನುಮಾನ ಬಂತು.

ವಿದ್ಯುತ್ ಕಚೇರಿಯಲ್ಲಿ ಗ್ರಾಹಕರಿಗೆ ಕುರ್ಚಿಯೇ? ಅದೂ ಗುಮಾಸ್ತನೇ ಎದ್ದು ಬಂದು, ಕರವಸ್ತ್ರದಿಂದ ಧೂಳು ಕೊಡವಿ! ಮೊನ್ನೆಯೂ ನಿನ್ನೆಯೂ ಇದೇ ಮನುಷ್ಯನ ಕಿಟಕಿಯೆದುರು ಅವಳು ಕಾಲು ಸೋಲುವವರೆಗೆ ನಿಂತಿದ್ದಳು. ಅವನು ಒಮ್ಮೆಯೂ ತಲೆ ಎತ್ತಿರಲಿಲ್ಲ. ಅವಳಿಗೆ ಪರಿಚಯವಾದದ್ದು ಅವನ ಬೋಳು ನೆತ್ತಿ ಮಾತ್ರ. "ನಾಳೆ ಬನ್ನಿ" ಎಂದು ಹೇಳಿದ್ದೂ ಆ ನೆತ್ತಿಯೇ.

ಇಂದು ಅವಳು ಜಗಳಕ್ಕೆಂದೇ ಬಂದಿದ್ದಳು. ಮೇಲಿನ ಮನೆಯವರು ಬಿಲ್ ಕಟ್ಟಲಿಲ್ಲವೆಂದು ಕಚೇರಿಯವರು ಇವರ ಮನೆಯ ಕರೆಂಟ್ ಕತ್ತರಿಸಿ ಹೋಗಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಗಂಡನಿಗೆ ಆಮ್ಲಜನಕ ಕೊಡುವ ಯಂತ್ರ ಎಲ್ಲಿಂದಲೋ ಹೊಂದಿಸಿ ತಂದ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಅದು ಮಧ್ಯಾಹ್ನದವರೆಗೆ ಬಂದರೆ ಪುಣ್ಯ. ನಾದಿನಿಯನ್ನು ಅವನ ಪಕ್ಕ ಕೂರಿಸಿ, ದಾರಿಯುದ್ದಕ್ಕೂ ಬೈಗುಳ ಮಸೆಯುತ್ತ ಬಂದಿದ್ದಳು.

ಕಚೇರಿಯ ಷಟರ್ ಅರ್ಧ ಇಳಿದಿತ್ತು. ಕಾವಲುಗಾರ ಅವಳ ಕೆದರಿದ ತಲೆ, ಸವೆದ ಚಪ್ಪಲಿ ನೋಡಿ, "ಬನ್ನಿ ಬನ್ನಿ, ಒಳಗೆ ಎಲ್ಲರೂ ನಿಮಗೇ ಕಾಯ್ತಾ ಇದಾರೆ" ಎಂದ.

ಕೊಬ್ಬು ನೋಡು ಇವನಿಗೆ! ಅವಳ ಮೈ ಉರಿಯಿತು. "ಕಾಯ್ಲಿ ಬಿಡಿ. ಎರಡು ದಿನ ನಾನು ಕಾದಿಲ್ವಾ?" ಎಂದು ಬಗ್ಗಿ ಒಳನುಗ್ಗಿದಳು.

ಒಳಗೆ ಜನರ ಸಾಲೇ ಇರಲಿಲ್ಲ. ಉಳಿದ ಗುಮಾಸ್ತರು ಗೋಡೆಗೊರಗಿ ನಿಂತು ಅವಳನ್ನೇ ನೋಡುತ್ತಿದ್ದರು. ಕೋಟು ತೊಟ್ಟ ಹೆಂಗಸೊಬ್ಬಳು ಕಿಟಕಿಯ ಪಕ್ಕ ಕೈಕಟ್ಟಿ ನಿಂತಿದ್ದಳು. ಯಾರೋ ಮೇಲಧಿಕಾರಿ ಇರಬೇಕು. ಅದಕ್ಕೇ ಈ ಕುರ್ಚಿ, ಈ ಮರ್ಯಾದೆ!

"ನಿಧಾನವಾಗಿ ಹೇಳಿ ಅಮ್ಮಾ, ಅವಸರ ಏನಿಲ್ಲ" ಎಂದ ನೆತ್ತಿಯವನು. ಅವನಿಗೆ ಕಣ್ಣುಗಳೂ ಇದ್ದವು.

"ನನಗಿದೆ ಅವಸರ!" ಅವಳು ಕೌಂಟರ್ ಗುದ್ದಿದಳು. "ಮನೇಲಿ ನನ್ನ ಗಂಡ ಒಂದೊಂದು ಉಸಿರಿಗೂ ಒದ್ದಾಡ್ತಿದಾರೆ. ನಿಮ್ಮನೆಯವರಾಗಿದ್ರೆ ಹೀಗೆ ಬಿಡ್ತಿದ್ರಾ? ಮನುಷ್ಯರಾ ನೀವು?"

ಅವನು ಸಿಡುಕಲಿಲ್ಲ. "ನಿಮ್ಮ ಜಾಗದಲ್ಲಿ ಯಾರಿದ್ರೂ ಸಿಟ್ಟು ಬರುತ್ತೆ" ಎಂದ. ನೀರು ತರಿಸಿದ. ಅವಳು ಬಿಲ್ ತೆಗೆಯಹೋದರೆ, "ಅದೆಲ್ಲ ಯಾಕಮ್ಮಾ, ನಿಮ್ಮ ಮಾತೇ ಸಾಕು" ಎಂದ. ಕೋಟಿನವಳು ಮೆಚ್ಚಿ ತಲೆಯಾಡಿಸಿದಳು.

"ಒಂದು ಗಂಟೆಯೊಳಗೆ ಲೈನ್‌ಮನ್ ನಿಮ್ಮ ಮನೇಲಿರ್ತಾರೆ. ನಾನು ಮಾತು ಕೊಡ್ತೀನಿ."

ಮನೆ ಎಲ್ಲಿ ಎಂದೂ ಅವನು ಕೇಳಲಿಲ್ಲ. ಎರಡು ದಿನ ಕೂಗಿ ಕೂಗಿ ಹೇಳಿದ್ದು ಬಾಯಿಪಾಠವಾಗಿರಬೇಕು ಎಂದುಕೊಂಡಳು. ಮಸೆದು ತಂದ ಬೈಗುಳಕ್ಕೆ ಈಗ ಕೆಲಸವೇ ಇರಲಿಲ್ಲ. ಇಷ್ಟು ಸುಲಭದ ಕೆಲಸಕ್ಕೆ ಎರಡು ದಿನ ಸತಾಯಿಸಿದರಲ್ಲ ಪಾಪಿಗಳು! ಹಾಗೆಂದು ಬೈಯಲು ಬಾಯಿ ತೆರೆದರೆ ಅಳು ಬಂತು. ಅಷ್ಟು ಜನರೆದುರು ಬಿಕ್ಕಿ ಬಿಕ್ಕಿ ಅತ್ತಳು. ಆ ನೆತ್ತಿಯವನಿಗೇ ಕೈಮುಗಿದಳು. ಮುಗಿದ ಕೈಯ ಮೇಲೂ ಅವಳಿಗೆ ಸಿಟ್ಟು ಬಂತು.

ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಗೋಡೆಗೊರಗಿದ್ದವರು ಮೈಮುರಿದು ಚಹಾದ ಕಡೆ ನಡೆದರು. ನೆತ್ತಿಯವನು ಅಂಗಿಯ ಗುಂಡಿ ಸಡಿಲಿಸಿ ನಕ್ಕ. ಫೋನನ್ನು ಯಾರೂ ಮುಟ್ಟಲಿಲ್ಲ.

"ಲೈನ್‌ಮನ್‌ಗೆ ಈಗಲೇ ಹೇಳಿ ಸ್ವಾಮಿ" ಎಂದಳು ಅವಳು. "ಬ್ಯಾಟರಿ ಮುಗಿದುಹೋಗುತ್ತೆ."

ಕೋಟಿನವಳು ಬಂದು ಅವಳ ಬೆನ್ನು ತಟ್ಟಿದಳು. "ಕಷ್ಟದಲ್ಲಿರೋ ಗ್ರಾಹಕರ ಪಾತ್ರಕ್ಕೆ ನಾಟಕದವರನ್ನೇ ಕರೆಸಿದ್ದು ಸಾರ್ಥಕ ಆಯ್ತು ಮೇಡಂ. ಇವರ ತರಬೇತಿ ಮುಗೀತು, ನೀವಿನ್ನು ಹೊರಡಬಹುದು. ಅಳು ಮಾತ್ರ ಸ್ವಲ್ಪ ಅತಿಯಾಯ್ತು."