ಒಂದೇ ಬಾನಿಯ ಹುರುಳಿ

ಮೂರು ಕುದುರೆಗಳಿಗೂ ಸೇರಿಸಿ ಒಂದೇ ಬಾನಿಗೆ ಹುರುಳಿ ಸುರಿದವರು ಶಿವನಂಜಮ್ಮನೇ. ಮಗ ಮಹದೇವಪ್ರಸಾದ್ ಬೂಸ ತರಲು ಹ್ಯಾಂಡ್‌ಪೋಸ್ಟ್ ಪೇಟೆಗೆ ಹೋಗಿದ್ದ. ಸೊಸೆ ಪುಷ್ಪಾ ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಬೇಡ ಎನ್ನುವವರು ಹತ್ತಿರದಲ್ಲಿ ಯಾರೂ ಇರಲಿಲ್ಲ.

ಮೂರರಲ್ಲಿ ಬೆಲ್ಲ ಎಂಬ ಗಿಡ್ಡ ಪೋನಿ ಬಂದು ಇನ್ನೂ ತಿಂಗಳಾಗಿತ್ತಷ್ಟೆ. ಮೈಸೂರಿನಲ್ಲಿ ಮಕ್ಕಳನ್ನು ಹೊತ್ತು ತಿರುಗುತ್ತಿದ್ದ, ಸೊಂಟದೆತ್ತರದ ಕಂದು ಪ್ರಾಣಿ. ಕಾಡು ನೋಡಲು ಬರುವವರಿಗೆ ಸವಾರಿ ಮಾಡಿಸಲೆಂದು ಪ್ರಸಾದ್ ಸಾಕಿದ್ದ ರಾಜ, ಗೌರಿ ಎಂಬ ಎರಡು ದೊಡ್ಡ ಕುದುರೆಗಳ ಮುಂದೆ ಅದು ಕರುವಿನಂತೆ ಕಾಣುತ್ತಿತ್ತು. ಅದಕ್ಕೇ ಅವನು ಬಯಲಿನ ನಡುವೆ ಬೇಲಿ ಹಾಕಿ, ಅದನ್ನು ಒಂದು ಕಡೆ, ಇವೆರಡನ್ನು ಇನ್ನೊಂದು ಕಡೆ ಬಿಟ್ಟಿದ್ದ. ಬೇಲಿಯ ಮೇಲಿಂದ ಮೂಸಿ ಮೂಸಿ ಅಭ್ಯಾಸವಾಗಲಿ. ಒದ್ದರೂ ಏಟು ಜೋರಾಗದಿರಲೆಂದು ಗೌರಿಯ ಹಿಂಗಾಲಿನ ಲಾಳ ತೆಗೆಸಿಯಾಗಿದೆ, ರಾಜನದ್ದನ್ನೂ ತೆಗೆಸಿದ ಮೇಲೆ ಒಟ್ಟಿಗೆ ಬಿಡೋಣ ಎಂದುಕೊಂಡಿದ್ದ.

"ಇದೇನ್ಲಾ, ಹೆಣ್ಣು ನೋಡೋ ಶಾಸ್ತ್ರ ಮುಗಿಯೋ ಅಂಗೇ ಕಾಣಲ್ವಲ್ಲ? ನಿನ್ ಮದ್ವೆಗೂ ಇಷ್ಟು ನೋಡ್ಲಿಲ್ಲ ನಾವು," ಎಂದಿದ್ದರು ಶಿವನಂಜಮ್ಮ.

"ಅದ್ಕೇ ಇಂಗಾಗಿರೋದು ಕಣತ್ತೆ," ಎಂದಿದ್ದಳು ಪುಷ್ಪಾ.

"ನೀವಿಬ್ರೂ ನಗ್ತಾ ಇರಿ," ಎಂದು ಪ್ರಸಾದ್ ತಾನೂ ನಕ್ಕಿದ್ದ. "ಅವ್ವ, ಲಾಳ ತಗಿಯೋನು ಬಂದೋಗೋಗಂಟ ಆ ಬೇಲಿ ಗೇಟ್ ಮುಟ್ಬೇಡ, ಆಯ್ತಾ?"

"ಆಯ್ತು ಬುಡು."

ಆದರೆ ದಿನಾ ನೋಡುವ ಕಣ್ಣು ಕೇಳಬೇಕಲ್ಲ. ಆ ಮನೆಯಲ್ಲಿ ಯಾರನ್ನೂ ಬೇರೆ ಕೂರಿಸಿ ಬಡಿಸಿದ್ದಿಲ್ಲ. ನೆಂಟರಾಗಲಿ, ಕಳೆ ಕೀಳಲು ಬಂದವರಾಗಲಿ, ಹಸಿದು ಬಂದವರಿಗೆಲ್ಲ ಒಂದೇ ಸಾಲು, ಒಂದೇ ಪಾತ್ರೆಯ ಸಾರು. ಶಿವನಂಜಮ್ಮ ಮದುವೆಯಾಗಿ ಬಂದಾಗ ಅವರ ಅತ್ತೆ ಮೊದಲು ಕಲಿಸಿದ್ದೇ ಅದನ್ನು. ಚಿಕ್ಕದೆಂಬ ಕಾರಣಕ್ಕೆ ಒಂದು ಜೀವ ಬೇಲಿಯಾಚೆ ಒಂಟಿಯಾಗಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ತಿನ್ನುವುದು ಶಿವನಂಜಮ್ಮನಿಗೆ ತಮ್ಮ ಮನೆಗೇ ಒಂದು ಕುಂದು ಎನ್ನಿಸಿಬಿಟ್ಟಿತ್ತು. ಅಂದು ಸೋಮವಾರ. ಪೂಜೆ ಮುಗಿಸಿ, ಬೇಯಿಸಿ ಆರಿಸಿದ ಹುರುಳಿಯನ್ನು ಮೂಲೆಯ ಕಲ್ಲುಬಾನಿಗೆ ಸುರಿದು, ಗೇಟಿನ ಸರಪಳಿ ಬಿಚ್ಚಿದರು.

ಮೊದಲಿಗೆ ಎಲ್ಲ ಚೆನ್ನಾಗಿಯೇ ಇತ್ತು. ಬೆಲ್ಲ ಕುಣಿಯುತ್ತಾ ಬಂದು ಎರಡು ದೊಡ್ಡ ತಲೆಗಳ ನಡುವೆ ಮೂತಿ ತೂರಿಸಿತು. ಗೌರಿ ಒಂದು ಹೆಜ್ಜೆ ಸರಿದು ಜಾಗ ಬಿಟ್ಟುಕೊಟ್ಟಿತು. "ಅಂಗೆ, ಅಂಗೆ. ತಿನ್ನಿ ನನ್ನಪ್ಪಂದಿರಾ," ಎಂದರು ಶಿವನಂಜಮ್ಮ. ರಾಜ ಕಿವಿಗಳನ್ನು ಹಿಂದಕ್ಕೆ ಒತ್ತಿ ಮಡಚಿತು. ತಮ್ಮ ಮಾತನ್ನು ಆಲಿಸುತ್ತಿದೆ ಎಂದುಕೊಂಡರು ಅವರು. ಮರುಗಳಿಗೆ ಅದು ಗಿರ್ರನೆ ತಿರುಗಿತು. ಬೆಲ್ಲ ತಪ್ಪಿಸಿಕೊಳ್ಳಲು ನೋಡಿತು. ಹಿಂದೆ ಗೋಡೆ, ಪಕ್ಕದಲ್ಲಿ ಬೇಲಿ. ಲಾಳವಿದ್ದ ಕಾಲು ಬಡಿದ ಸದ್ದಿಗೆ ಪುಷ್ಪಾ ಒದ್ದೆ ಕೈಯಲ್ಲೇ ಓಡಿಬಂದಳು.

ಪ್ರಸಾದ್ ಬಂದಾಗ ಪೋನಿ ಮಗ್ಗುಲಾಗಿ ಬಿದ್ದಿತ್ತು.

"ಗೇಟ್ ಯಾರ್ ತಗುದ್ರು?"

"ನಾನೇ ಕಣ್ ಮಗಾ. ಎಲ್ಲಾ ಒಂದ್ಕಡೆ ಉಣ್ಲಿ ಅಂತ..."

ಅವನು ಹೆಗಲ ಮೇಲಿದ್ದ ಟವಲನ್ನು ಮಡಚಿ ಪೋನಿಯ ತಲೆಯಡಿಗೆ ಇಟ್ಟ.

ಸರಗೂರಿನಿಂದ ಬಂದ ಡಾಕ್ಟರು ಇನ್ನೂ ಎಳೆಯ ವಯಸ್ಸಿನವರು. ಕಾಲನ್ನು ಮೆಲ್ಲಗೆ ಮುಟ್ಟಿ ನೋಡಿ ಎದ್ದು ನಿಂತರು. "ಮುಂಗಾಲಿನ ಮೇಲಿನ ಮೂಳೆ ಎರಡಾಗಿದೆ. ಕೂಡೋದಿಲ್ಲ. ನರಳಿಸೋದು ಬೇಡ." ಆಮೇಲೆ ಬಾನಿಯತ್ತ, ಗೋಡೆಯತ್ತ ನೋಡಿ ದನಿ ಏರಿಸಿದರು. "ಲಾಳ ಇರೋ ಕುದುರೆ ಜೊತೆ, ಅದೂ ಮೂಲೇಲಿ, ಒಂದೇ ಬಾನೀಲಿ! ಯಾರ್ರೀ ಬಿಟ್ಟೋರು ಇದನ್ನ?"

"ನಾನೇ ಸಾರ್," ಎಂದ ಪ್ರಸಾದ್.

ಶಿವನಂಜಮ್ಮ ತಲೆಯೆತ್ತಿದರು. ಮಗ ಅವರತ್ತ ನೋಡಲಿಲ್ಲ.

"ದೂರ ದೂರ ಇಡ್ಬೇಕು ಮೇವನ್ನ. ಚಿಕ್ಕದಕ್ಕೆ ಓಡೋಕೆ ದಾರಿ ಇರ್ಬೇಕು. ಇಷ್ಟೂ ಗೊತ್ತಿಲ್ದೆ ಕುದುರೆ ಯಾಕ್ರೀ ಸಾಕ್ತೀರಾ?"

"ತಪ್ಪಾಯ್ತು ಸಾರ್."

ಅವನಲ್ಲಪ್ಪ, ನಾನು ಎಂಬ ಮಾತು ಶಿವನಂಜಮ್ಮನ ನಾಲಿಗೆಯ ತುದಿಗೆ ಬಂತು. ಡಾಕ್ಟರ ಸಿಟ್ಟಿನ ಮುಖ ನೋಡಿ, ಇನ್ನೊಂದು ಗಳಿಗೆ ಬಿಟ್ಟು ಹೇಳೋಣ ಎಂದುಕೊಂಡರು. ಅಷ್ಟರಲ್ಲಿ ಡಾಕ್ಟರು ಸಿರಿಂಜಿಗೆ ಮದ್ದು ಎಳೆದುಕೊಳ್ಳುತ್ತಿದ್ದರು. ಪ್ರಸಾದ್ ಪೋನಿಯ ತಲೆ ಹಿಡಿದುಕೊಂಡ. ಅದರ ತುಟಿಗೆ ಹುರುಳಿಯ ಸಿಪ್ಪೆ ಅಂಟಿತ್ತು. ಶಿವನಂಜಮ್ಮ ಬಗ್ಗಿ ಸೆರಗಿನ ತುದಿಯಿಂದ ಒರೆಸಿದರು. ಬೆಲ್ಲ ಅವರ ಕೈಗೆ ಒಮ್ಮೆ ಉಸಿರು ಬಿಟ್ಟಿತು, ಬೆಚ್ಚಗೆ.

ಎಲ್ಲ ಮುಗಿದ ಮೇಲೆ ಪುಷ್ಪಾ ಚೊಂಬಿನಿಂದ ನೀರು ಹಾಕಿದಳು, ಡಾಕ್ಟರು ಕೈ ತೊಳೆದುಕೊಂಡರು. ಪ್ರಸಾದ್ ಹುಣಿಸೆಮರದ ಬುಡದಲ್ಲಿ ಗುಂಡಿ ತೋಡಲು ಶುರುಮಾಡಿದ್ದ. ಜಗುಲಿಯ ಮೇಲೆ ಅಳುತ್ತಾ ಕುಳಿತಿದ್ದ ಮುದುಕಿಯನ್ನು ಕಂಡು ಡಾಕ್ಟರ ಮನಸ್ಸು ಮೆತ್ತಗಾಯಿತು. ಹೊರಟವರು ಹಿಂದಿರುಗಿ ಬಂದು ಪಕ್ಕದಲ್ಲಿ ನಿಂತರು.

"ಅಳಬೇಡಿ ಅಮ್ಮ. ನೀವೇನು ಮಾಡೋಕಾಗುತ್ತೆ? ಮನೆಗೆ ಹಿರಿಯರು ನೀವು, ಮಗನಿಗೆ ಸ್ವಲ್ಪ ಬುದ್ಧಿ ಹೇಳಿ."

ಗುದ್ದಲಿಯ ಸದ್ದು ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.

"ಹೇಳ್ತೀನಿ ಕಣಪ್ಪ," ಎಂದರು ಶಿವನಂಜಮ್ಮ.